ಯಂತ್ರಕ್ಕೆ ಹಣವಿದೆ, ಸಂಬಳಕ್ಕಿಲ್ಲ

ವಿಜಯಪುರದ ಕೆಲವು ಸಣ್ಣ ಟ್ರಸ್ಟುಗಳ ಮತ್ತು ಸಂಘಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗವಾದ್ದರಿಂದ, ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಲೆಕ್ಕದಲ್ಲಿ ಕೊಡುವ ಸಿಎಸ್‌ಆರ್ ಅನುದಾನಕ್ಕಾಗಿ ಬರೆದ ಅರ್ಜಿಗಳು ವರ್ಷವಿಡೀ ನನ್ನ ಮೇಜಿಗೆ ಬರುತ್ತಿರುತ್ತವೆ. ಮಂಜೂರಾದವನ್ನೂ ತಿರಸ್ಕೃತವಾದವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ವಸ್ತು ಕೇಳಿದವರಿಗೆ ಹಣ ಸಿಕ್ಕಿರುವುದೂ, ಆ ವಸ್ತುವನ್ನು ನಡೆಸುವ ಮನುಷ್ಯನಿಗೆ ಸಂಬಳ ಕೇಳಿದವರಿಗೆ ಸಿಗದಿರುವುದೂ ಕಾಣುತ್ತದೆ. ಇದಕ್ಕೆ ಕಾನೂನೇ ಅಡ್ಡಿ ಎಂಬ ಮಾತು ನಮ್ಮ ಕಡೆ ಚಾಲ್ತಿಯಲ್ಲಿದೆ. ಕಾನೂನನ್ನು ಓದಿದರೆ ಹಾಗೆನಿಸುವುದಿಲ್ಲ.

2013ರ ಕಂಪನಿ ಕಾಯ್ದೆಯ 135ನೆಯ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿಯ ನಿವ್ವಳ ಮೌಲ್ಯ, 1,000 ಕೋಟಿಯ ವಹಿವಾಟು, 5 ಕೋಟಿಯ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಹಿಂದಿನ ಹಣಕಾಸು ವರ್ಷದಲ್ಲಿ ಮುಟ್ಟಿದ ಕಂಪನಿಯು, ತನ್ನ ಹಿಂದಿನ ಮೂರು ಹಣಕಾಸು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಏಳನೆಯ ಅನುಸೂಚಿಯಲ್ಲಿ ಹೇಳಿರುವ ಕೆಲಸಗಳಿಗೆ ಖರ್ಚು ಮಾಡಬೇಕು. ಶಿಕ್ಷಣ, ವನ್ಯಜೀವಿ ಮತ್ತು ಪರಿಸರ ರಕ್ಷಣೆ, ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ, ಗ್ರಾಮೀಣಾಭಿವೃದ್ಧಿ ಎಲ್ಲವೂ ಆ ಅನುಸೂಚಿಯಲ್ಲಿವೆ. ತಾನು ಉದ್ಯಮ ನಡೆಸುವ ಸ್ಥಳಕ್ಕೆ ಆದ್ಯತೆ ಕೊಡಬೇಕೆಂಬ ಮಾತೂ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಕಾರ್ಖಾನೆ ಎಂದರೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ; ಆದರೆ ಸಹಕಾರ ಸಂಘವಾಗಿ ನೋಂದಣಿಯಾದ ಕಾರ್ಖಾನೆಗೆ ಈ ಕಲಂ ಅನ್ವಯಿಸುವುದೇ ಇಲ್ಲ. ಚಿಮಣಿ ಕಂಡಲ್ಲೆಲ್ಲ ಅರ್ಜಿ ಹಿಡಿದು ಹೋಗುವ ಸಂಘಗಳು ಇದಿಷ್ಟನ್ನು ಮೊದಲೇ ತಿಳಿದುಕೊಂಡರೆ ಬಸ್ ಚಾರ್ಜಾದರೂ ಉಳಿಯುತ್ತದೆ.

ಇನ್ನು ಸಂಬಳದ ಮಾತು. ‘ಆಡಳಿತ ವೆಚ್ಚ ಶೇ 5ನ್ನು ಮೀರುವಂತಿಲ್ಲ, ಆದ್ದರಿಂದ ನಿಮ್ಮ ಕ್ಷೇತ್ರ ಕಾರ್ಯಕರ್ತರ ಸಂಬಳ ಕೊಡಲಾಗದು’ ಎಂಬ ಉತ್ತರವನ್ನು ನಾನು ಒಂದಕ್ಕಿಂತ ಹೆಚ್ಚು ಪತ್ರಗಳಲ್ಲಿ ಓದಿದ್ದೇನೆ. ನಿಯಮದಲ್ಲಿರುವ ಆ ಶೇ 5ರ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ ಸಂಬಂಧಿಸಿದ್ದು. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಅದರ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ಮಾಡಲು ನೇರವಾಗಿ ತಗಲುವ ವೆಚ್ಚ ಆಡಳಿತ ವೆಚ್ಚದಲ್ಲಿ ಸೇರುವುದಿಲ್ಲವೆಂದು ಅದೇ ನಿಯಮ ಬಿಡಿಸಿ ಹೇಳಿದೆ. ಹಳ್ಳಿಯ ಕಲಿಕಾ ಕೇಂದ್ರದಲ್ಲಿ ಸಂಜೆ ಪಾಠ ಹೇಳುವ ಯುವತಿಯ ಗೌರವಧನ ಆ ಯೋಜನೆಯ ವೆಚ್ಚವೇ ಹೊರತು ಯಾರ ಆಡಳಿತ ವೆಚ್ಚವೂ ಅಲ್ಲ. ಅವಧಿಯ ವಿಷಯದಲ್ಲೂ ಕಾನೂನು ಉದಾರವಾಗಿಯೇ ಇದೆ: ‘ಮುಂದುವರಿದ ಯೋಜನೆ’ ಎಂದು ಒಪ್ಪಿಕೊಂಡರೆ, ಆರಂಭವಾದ ಹಣಕಾಸು ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷ ಅದನ್ನು ನಡೆಸಬಹುದು, ಖರ್ಚಾಗದೆ ಉಳಿದ ಹಣವನ್ನು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿದರಾಯಿತು.

ಹಾಗೆ ಒಪ್ಪಿಕೊಳ್ಳದ ಯೋಜನೆಯ ಹಣ ಉಳಿದರೆ ಅದನ್ನು ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ನಿಧಿಗೆ ಕಟ್ಟಬೇಕಾಗುತ್ತದೆ. ಫೆಬ್ರವರಿ ಕಳೆಯುತ್ತಿದ್ದಂತೆ ‘ಹತ್ತು ದಿನಗಳಲ್ಲಿ ಕೊಟೇಶನ್ ಕಳಿಸಿ’ ಎಂಬ ಫೋನುಗಳು ಬರುವುದು ಈ ಕಾರಣಕ್ಕೆ. ಹತ್ತು ದಿನಗಳಲ್ಲಿ ಕೊಟೇಶನ್ ಸಿಗುವುದು ಟಿವಿಗೆ, ಬೆಂಚಿಗೆ, ನೀರಿನ ಯಂತ್ರಕ್ಕೆ.

ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಅಂಥ ನೀರಿನ ಯಂತ್ರವೊಂದಿದೆ. ಬೋರ್‌ವೆಲ್ಲಿನ ನೀರು ಗಡಸಾಗಿರುವ ಊರಿಗೆ ಅದು ಬೇಕಾದದ್ದೇ, ಕೊಟ್ಟವರ ಮನಸ್ಸಿನ ಬಗ್ಗೆ ನನಗೆ ಸಂಶಯವಿಲ್ಲ. ಗೋಡೆಗೆ ಸಾಲಾಗಿ ಮೂರು ನಳ, ಅವುಗಳ ಮೇಲೆ ನೀಲಿ ಬಣ್ಣದಲ್ಲಿ ದಾನಿಗಳ ಹೆಸರು, ಕೆಳಗೆ ಉದ್ಘಾಟನೆಯ ತಾರೀಖು. ನಿರ್ವಹಣಾ ಒಪ್ಪಂದ ಒಂದೇ ವರ್ಷದ್ದಾಗಿತ್ತು. ಅದು ಮುಗಿದ ಮೇಲೆ ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಂಡಿತು, ಬದಲಿಸುವ ಖರ್ಚು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಖಾತೆಯಲ್ಲಿದ್ದ ಮೊತ್ತಕ್ಕಿಂತ ಹೆಚ್ಚಾಗಿತ್ತು. ಈಗ ಮಕ್ಕಳು ಮನೆಯಿಂದ ಬಾಟಲಿ ತರುತ್ತಾರೆ, ಯಂತ್ರದ ಮೇಲೆ ಸೀಮೆಸುಣ್ಣದ ಡಬ್ಬಿಗಳನ್ನು ಇಟ್ಟಿದ್ದಾರೆ. ಕಂಪನಿಯ ವರದಿಯಲ್ಲಿ ಈ ಯೋಜನೆ ‘ಪೂರ್ಣಗೊಂಡಿದೆ’. ಅನುದಾನದ ಹಣ ಖರ್ಚಾದ ಬಗೆಗಿನ ಬಳಕೆ ಪ್ರಮಾಣಪತ್ರವನ್ನು ಲೆಕ್ಕಪರಿಶೋಧಕರ ಸಹಿಗೆ ಸಿದ್ಧಪಡಿಸಿದವನು ನಾನೇ, ಅದರಲ್ಲಿರುವ ಒಂದಂಕಿಯೂ ಸುಳ್ಳಲ್ಲ.

ಸಂರಕ್ಷಣೆಯ ಕೆಲಸಕ್ಕೆ ಈ ಪದ್ಧತಿ ಇನ್ನಷ್ಟು ಒಗ್ಗದು. ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಪ್ರದೇಶವನ್ನು 2016ರಲ್ಲಿ ಚಿಂಕಾರ (ಒಂದು ಜಾತಿಯ ಹುಲ್ಲೆ) ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅದರ ಸುತ್ತಲಿನ ಹಳ್ಳಿಗಳಲ್ಲಿ ಕೆಲಸ ಮಾಡುವ ಯುವಕರ ಗುಂಪೊಂದು, ಬೇಸಿಗೆಯಲ್ಲಿ ಬೆಂಕಿಯ ಮೇಲೆ ಕಣ್ಣಿಡಲು ಮತ್ತು ಬೀಡಾಡಿ ನಾಯಿಗಳು ಚಿಂಕಾರಗಳನ್ನು ಅಟ್ಟದಂತೆ ನೋಡಿಕೊಳ್ಳಲು ನಾಲ್ವರು ಕಾವಲುಗಾರರ ಕೂಲಿ ಕೇಳಿತ್ತು. ಕಂಪನಿಯ ನಮೂನೆಯಲ್ಲಿ ‘ಫಲಾನುಭವಿಗಳ ಸಂಖ್ಯೆ: ಪುರುಷ, ಮಹಿಳೆ, ಮಕ್ಕಳು’ ಎಂಬ ಕಲಮುಗಳಿದ್ದವು, ಚಿಂಕಾರಕ್ಕೆ ಜಾಗವಿರಲಿಲ್ಲ. ಕೊನೆಗೆ ಸುತ್ತಲಿನ ಹಳ್ಳಿಗಳ ಜನಸಂಖ್ಯೆಯನ್ನು ತುಂಬಿ ಕಳಿಸಿದೆವು. ಕೂಲಿಯ ಬದಲು ಸಾವಿರಾರು ಸಸಿ ನೆಡುವುದಾದರೆ ಅನುದಾನ ಕೊಡುವುದಾಗಿ ಉತ್ತರ ಬಂತು. ಚಿಂಕಾರ ಬದುಕುವುದು ಬಯಲಿನ ಹುಲ್ಲು ಮತ್ತು ಕುರುಚಲು ಗಿಡಗಳ ನಡುವೆ; ಅಲ್ಲಿ ದಟ್ಟವಾಗಿ ಮರ ಬೆಳೆಸಿದರೆ ಅದರ ನೆಲೆಯನ್ನೇ ಕಸಿದಂತಾಗುತ್ತದೆ. ಗುಂಪಿನವರು ಆ ಹಣ ಬೇಡವೆಂದರು. ಹಣದ ಅಗತ್ಯ ಅವರಿಗೆ ಎಷ್ಟಿತ್ತೆಂಬುದನ್ನು ಬಲ್ಲ ನನಗೆ ಅದು ದೊಡ್ಡ ನಿರ್ಧಾರವಾಗಿ ಕಂಡಿತು.

ನಮ್ಮ ಊರಿನ ಕರೇಜ್‌ನ ವಿಷಯವೂ ಬೇರೆಯಲ್ಲ. ಆದಿಲ್‌ಶಾಹಿ ಕಾಲದಲ್ಲಿ ನೆಲದಡಿಯ ಸುರಂಗಗಳ ಮೂಲಕ ನಗರಕ್ಕೆ ನೀರು ತಂದ ಈ ವ್ಯವಸ್ಥೆಯ ಸುರಂಗ ಬಾವಡಿ, ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಗಳ ಭಾಗವಾಗಿ ರಕ್ಷಣೆ ಬೇಕಾದ ಪಾರಂಪರಿಕ ತಾಣಗಳನ್ನು ಗುರುತಿಸುವ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್‌ನ 2020ರ ಪಟ್ಟಿಯ 25 ತಾಣಗಳಲ್ಲಿ ಸೇರಿತು. ಆ ಪಟ್ಟಿಯ ಕಾರ್ಯಕ್ರಮವೇ 1995ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಧನಸಹಾಯದಿಂದ ಆರಂಭವಾದದ್ದು. ಆದರೆ ನೀರಿನ ಸುರಂಗಕ್ಕೆ ಮುಖ್ಯವಾಗಿ ಬೇಕಾದದ್ದು ಮಳೆಗಾಲ ಮುಗಿದೊಡನೆ ಪ್ರತಿ ವರ್ಷವೂ ಹೂಳೆತ್ತುವ, ಗಾಳಿಕಿಂಡಿಗಳ ಬಾಯಿಗೆ ಕಸ ಬೀಳದಂತೆ ಕಾಯುವ ಕೆಲಸ. ರಿಬ್ಬನ್ ಕತ್ತರಿಸುವಂಥದ್ದು ಅದರಲ್ಲಿ ಏನೂ ಇಲ್ಲ.

ಸಂಘಗಳ ಕಡೆಯಿಂದಲೂ ಆಗಬೇಕಾದದ್ದಿದೆ. ಆದಾಯ ತೆರಿಗೆ ಕಾನೂನಿನ 12ಎ ಮತ್ತು 80ಜಿ ನೋಂದಣಿ, ಮೂರು ವರ್ಷಗಳ ಕೆಲಸದ ದಾಖಲೆ, ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಗಳು ನೋಂದಾಯಿಸಿಕೊಂಡು ಪಡೆಯಬೇಕಾದ, 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ಸಂಖ್ಯೆ, ಇವಿಲ್ಲದೆ ಟ್ರಸ್ಟಾಗಲಿ ಸಂಘವಾಗಲಿ ನೇರವಾಗಿ ಈ ಹಣ ಪಡೆದು ಯೋಜನೆ ನಡೆಸಲಾಗದು. ಕಂಪನಿಯ ಸಿಎಸ್‌ಆರ್ ಸಮಿತಿ ವರ್ಷದ ಕಾರ್ಯಯೋಜನೆಯನ್ನು ನಿರ್ದೇಶಕ ಮಂಡಳಿಯ ಮುಂದಿಡಬೇಕಾಗಿರುವುದರಿಂದ, ಮಾರ್ಚಿನ ಫೋನಿಗೆ ಕಾಯದೆ ಆ ಯೋಜನೆ ಸಿದ್ಧವಾಗುವ ಮೊದಲೇ ಪ್ರಸ್ತಾವನೆ ತಲುಪಿಸುವುದು ಒಳ್ಳೆಯದು. ಸಮಿತಿಯಲ್ಲಿ ಯಾರಿದ್ದಾರೆ, ಯಾವ ಯೋಜನೆಗಳಿಗೆ ಒಪ್ಪಿಗೆ ಸಿಕ್ಕಿದೆ ಎಂಬುದನ್ನು ಕಂಪನಿ ತನ್ನ ಜಾಲತಾಣವಿದ್ದರೆ ಅದರಲ್ಲಿ ಪ್ರಕಟಿಸಲೇಬೇಕು. ನಾನು ಈಗ ಬರೆದುಕೊಡುವ ಪ್ರಸ್ತಾವನೆಗಳಲ್ಲಿ ‘ಮುಂದುವರಿದ ಯೋಜನೆ’ ಎಂಬ ಪದವನ್ನು ಮೊದಲ ಪುಟದಲ್ಲೇ ಹಾಕುತ್ತೇನೆ, ಸಂಬಳವನ್ನು ಯೋಜನಾ ವೆಚ್ಚದಡಿ ತೋರಿಸಿ ಪಕ್ಕದಲ್ಲಿ ನಿಯಮದ ಸಂಖ್ಯೆ ಬರೆಯುತ್ತೇನೆ, ಯಂತ್ರ ಕೇಳಿದಲ್ಲೆಲ್ಲ ಮೂರು ವರ್ಷದ ದುರಸ್ತಿ ಖರ್ಚನ್ನೂ ಅದೇ ಅಂದಾಜಿನಲ್ಲಿ ಸೇರಿಸುತ್ತೇನೆ. ಈ ಸಲ ಕಳಿಸಿದವುಗಳಲ್ಲಿ ಒಂದಕ್ಕೆ ದುರಸ್ತಿ ಖರ್ಚು ಒಪ್ಪಿಗೆಯಾಗಿದೆ, ಸಂಬಳದ ಸಾಲಿನ ಎದುರು ‘ಚರ್ಚಿಸಿ’ ಎಂದು ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದಾರೆ.