110 ಸೆಲ್ಲುಗಳ ಗಡುವು

ಯಾವ ದೊಡ್ಡ ಸಬ್‌ಸ್ಟೇಷನ್ನಿಗೆ ಹೋದರೂ ಕಂಟ್ರೋಲ್ ರೂಮಿನ ಮಗ್ಗುಲಲ್ಲಿ ಆಸಿಡ್ ವಾಸನೆಯ ಒಂದು ಕೋಣೆ ಇರುತ್ತದೆ. ಸಾಲಾಗಿ ಜೋಡಿಸಿದ 2 ವೋಲ್ಟಿನ ಸೆಲ್ಲುಗಳು, ಸುಮಾರು 110. ಎಲ್ಲ ಸೇರಿ 220 ವೋಲ್ಟ್ ಡಿಸಿ. ಹೊರಗೆ ಅಂಗಳದಲ್ಲಿ 400 ಕೆವಿ ಹರಿಯುತ್ತಿದ್ದರೂ ಬ್ರೇಕರ್ ಎಂಬ ದೊಡ್ಡ ಸ್ವಿಚ್ಚು ತೆರೆಯುವುದು, ಮುಚ್ಚುವುದು, ದೋಷ ಕಂಡರೆ ಅದಕ್ಕೆ ಆಜ್ಞೆ ಕೊಡುವ ರಿಲೇ ಯೋಚಿಸುವುದು ಎಲ್ಲವೂ ಈ 220 ವೋಲ್ಟಿನಲ್ಲಿ. ಗ್ರಿಡ್ ಸತ್ತರೆ ಚಾರ್ಜರ್ ನಿಲ್ಲುತ್ತದೆ, ಬ್ಯಾಟರಿ ಇಳಿಯತೊಡಗುತ್ತದೆ. ಅದು ಬಾಳುವುದು ಕೆಲವು ಗಂಟೆ ಮಾತ್ರ. ಅಷ್ಟರೊಳಗೆ ಹೊರಗಿನಿಂದ ಕರೆಂಟು ಬರದಿದ್ದರೆ, ಆಮೇಲೆ ಬಂದರೂ ಬ್ರೇಕರ್ ಹಾಕುವುದಕ್ಕೆ ಡಿಸಿ ಇರುವುದಿಲ್ಲ.

ಇಎಂಪಿ, ಅಂದರೆ ವಿದ್ಯುತ್ಕಾಂತೀಯ ಸ್ಪಂದನದ ದಾಳಿ, ಎಂದಾಗ ನಮ್ಮ ಮುಂಬಯಿಯ ಹೌಸಿಂಗ್ ಸೊಸೈಟಿಗಳ ವಾಟ್ಸ್ಆಪ್ ಗುಂಪುಗಳಲ್ಲಿ ಓಡಾಡುವ ಚಿತ್ರವೇ ಬೇರೆ: ಮೊಬೈಲು ಜೇಬಿನಲ್ಲೇ ಸುಡುತ್ತದೆ, ಕಾರು ನಿಂತಲ್ಲೇ ನಿಲ್ಲುತ್ತದೆ, ದೇಶ ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ನಮ್ಮ ಅಂದಾಜಿನಲ್ಲಿ ಹೆದರಬೇಕಾದ ಜಾಗ ಜೇಬಲ್ಲ, ಆ ಬ್ಯಾಟರಿ ಕೋಣೆ. ಗ್ರಿಡ್ಡನ್ನು ಬೀಳಿಸುವುದು ಸುಲಭ, ಎಬ್ಬಿಸುವುದು ಕಷ್ಟ. ಎಬ್ಬಿಸುವ ಕೆಲಸಕ್ಕೆ ಗಡುವಿದೆ.

ಮೊದಲು ಸ್ಪಂದನ ಹುಟ್ಟುವ ಬಗೆ. ವಾತಾವರಣದ ಆಚೆ, ಅಂದರೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಅಣುಬಾಂಬ್ ಸಿಡಿದರೆ ಅದರ ಗಾಮಾ ಕಿರಣಗಳು ನೆಲದಿಂದ 20–40 ಕಿ.ಮೀ. ಎತ್ತರದ ತೆಳುಗಾಳಿಗೆ ಬಡಿದು ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ. ಭೂಮಿಯ ಕಾಂತಕ್ಷೇತ್ರ ಅವನ್ನು ತಿರುಗಿಸುತ್ತದೆ. ಆ ತಿರುಗುವಿಕೆಯೇ ರೇಡಿಯೊ ಅಲೆಯಾಗಿ ಕೆಳಗಿಳಿಯುತ್ತದೆ. ಕೆಳಗಿನವರಿಗೆ ಬೆಂಕಿಯಿಲ್ಲ, ಸದ್ದಿಲ್ಲ. 400 ಕಿ.ಮೀ. ಎತ್ತರದಿಂದ ಕಾಣುವ ನೆಲದ ತ್ರಿಜ್ಯ ಸುಮಾರು 2,200 ಕಿ.ಮೀ. ನಾಗಪುರದ ನೆತ್ತಿಯ ಮೇಲಾದರೆ ಮುಂಬಯಿ, ಬೆಂಗಳೂರು, ದಿಲ್ಲಿ ಮೂರೂ ಅದರ ನೆರಳಿನೊಳಗೆ. ತೀವ್ರತೆ ಮಾತ್ರ ಎಲ್ಲ ಕಡೆ ಒಂದೇ ಅಲ್ಲ.

ಬರುವುದು ಮೂರು ಹೊಡೆತ. ಇ1 ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಏರುತ್ತದೆ (ಒಂದು ನ್ಯಾನೊಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು, ಬೆಳಕು ಕೂಡ ಅಷ್ಟರಲ್ಲಿ ಒಂದು ಅಡಿ ಮಾತ್ರ ಹೋಗುತ್ತದೆ). ವಿನ್ಯಾಸಕಾರರು ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮೀಟರಿಗೆ 50,000 ವೋಲ್ಟ್. ಇ2 ಹೆಚ್ಚುಕಡಿಮೆ ಮಿಂಚಿನಂಥದ್ದು, ಅದಕ್ಕೆ ಗ್ರಿಡ್ ಮೊದಲೇ ಸಜ್ಜಾಗಿದೆ, ಇ1 ಆ ರಕ್ಷಣೆಯನ್ನು ಕೆಡಿಸಿರದಿದ್ದರೆ. ಇ3 ನಿಧಾನದ್ದು, ಹತ್ತಾರು ಸೆಕೆಂಡಿನಿಂದ ನಿಮಿಷಗಳವರೆಗೆ ಎಳೆಯುತ್ತದೆ.

ಇ1ಕ್ಕೆ ಬೇಕಾದದ್ದು ಉದ್ದ ತಂತಿ. ಜೇಬಿನ ಮೊಬೈಲಿಗೆ ಅದಿಲ್ಲ. ಅಮೆರಿಕದ ಇಎಂಪಿ ಆಯೋಗ 2008ರ ವರದಿಯಲ್ಲಿ ಕಾರುಗಳ ಪರೀಕ್ಷೆಯ ಲೆಕ್ಕ ಕೊಟ್ಟಿದೆ: 37 ಕಾರುಗಳಲ್ಲಿ ಓಡುತ್ತಿದ್ದಾಗ ನಿಂತವು 3, ಅವೂ ಮತ್ತೆ ಸ್ಟಾರ್ಟ್ ಆದವು. ಆದರೆ ಸಬ್‌ಸ್ಟೇಷನ್ ಅಂಗಳದಿಂದ ಕಂಟ್ರೋಲ್ ರೂಮಿಗೆ ಬರುವ ನೂರಾರು ಮೀಟರ್ ತಾಮ್ರದ ಕಂಟ್ರೋಲ್ ಕೇಬಲ್ ಒಳ್ಳೆಯ ಆಂಟೆನಾ. ಅದರ ತುದಿಯಲ್ಲಿ ಕೂತಿರುವುದು ಮೈಕ್ರೊಪ್ರೊಸೆಸರಿನ ನ್ಯೂಮರಿಕಲ್ ರಿಲೇ. ಹಳೆಯ ಎಲೆಕ್ಟ್ರೊಮೆಕ್ಯಾನಿಕಲ್ ರಿಲೇಗೆ, ಆ ತಿರುಗುವ ತಟ್ಟೆಯ ಗಾಜಿನ ಪೆಟ್ಟಿಗೆಗೆ, ಇದು ಅಷ್ಟಾಗಿ ತಟ್ಟದು. ಹೊಸದಕ್ಕೆ ತಟ್ಟುತ್ತದೆ. ಸುಟ್ಟುಹೋದರೆ ಗೊತ್ತಾದರೂ ಆಗುತ್ತದೆ. ನೂರು ರಿಲೇಗಳಲ್ಲಿ ಹತ್ತು ಸುಮ್ಮನೆ ಸೆಟ್ಟಿಂಗ್ ಮರೆತು ಕೂತರೆ ಅವನ್ನು ಹುಡುಕುವುದರಲ್ಲೇ ಗಡುವು ಮುಗಿಯುತ್ತದೆ. ಮದ್ದು ತಿಳಿದದ್ದೇ: ಅಂಗಳಕ್ಕೂ ಕೋಣೆಗೂ ನಡುವೆ ತಾಮ್ರದ ಬದಲು ಆಪ್ಟಿಕಲ್ ಫೈಬರ್, ತಾಮ್ರ ಉಳಿದ ಕಡೆ ಕವಚಕ್ಕೆ ಎರಡೂ ತುದಿಯಲ್ಲಿ ಅರ್ಥಿಂಗ್, ಸೆಟ್ಟಿಂಗಿನ ಮುದ್ರಿತ ಪ್ರತಿ ಮತ್ತು ಒಂದಿಷ್ಟು ಬಿಡಿ ರಿಲೇಗಳು ಲೋಹದ ಬೀರುವಿನಲ್ಲಿ.

ಇ3ರ ಗುರಿ ಬೇರೆ. 1962ರ ಅಕ್ಟೋಬರ್ 22ರಂದು ಸೋವಿಯತ್ ಒಕ್ಕೂಟ ಕಜಾಕಸ್ತಾನದ ಮೇಲೆ 290 ಕಿ.ಮೀ. ಎತ್ತರದಲ್ಲಿ 300 ಕಿಲೋಟನ್ನಿನ ಬಾಂಬ್ ಸಿಡಿಸಿದಾಗ 570 ಕಿ.ಮೀ. ಟೆಲಿಫೋನ್ ಲೈನಿನ ಫ್ಯೂಸುಗಳು ಹಾರಿದ್ದಲ್ಲದೆ ನೆಲದಡಿ ಹೂತಿದ್ದ ವಿದ್ಯುತ್ ಕೇಬಲ್ಲೂ ಕೆಟ್ಟಿತು. ಅದೇ ವರ್ಷ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ ಸಿಡಿಸಿತ್ತು. 1,400 ಕಿ.ಮೀ. ದೂರದ ಹವಾಯಿಯಲ್ಲಿ ಸುಮಾರು 300 ಬೀದಿದೀಪ ಆರಿದವು. ಹೂತ ಕೇಬಲ್ಲಿನವರೆಗೆ ಇಳಿಯುವುದು ಇ3ರ ಗುಣ. ಅದು ಉದ್ದನೆಯ ಲೈನುಗಳಲ್ಲಿ ಡಿಸಿಯಂಥ ಪ್ರವಾಹ ಹುಟ್ಟಿಸಿ ಟ್ರಾನ್ಸ್‌ಫಾರ್ಮರಿನ ಅರ್ಥ್ ಮಾಡಿದ ನ್ಯೂಟ್ರಲ್ ಮೂಲಕ ಹೊಗುತ್ತದೆ. ಅದರ ಕಬ್ಬಿಣದ ಕೋರ್ ಪ್ರತಿ ಸೈಕಲ್ಲಿನ ಅರ್ಧದಲ್ಲಿ ಸ್ಯಾಚುರೇಟ್ ಆಗುತ್ತದೆ, ಅಂದರೆ ಇನ್ನಷ್ಟು ಕಾಂತತ್ವ ಹಿಡಿಯಲಾರದು. ಟ್ರಾನ್ಸ್‌ಫಾರ್ಮರ್ ರಿಯಾಕ್ಟಿವ್ ಪವರ್ (ತಾನು ಕೆಲಸ ಮಾಡದೆ ವೋಲ್ಟೇಜ್ ಹಿಡಿದಿಡುವ ಪವರ್) ಕುಡಿಯತೊಡಗುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕರೆಂಟಿನ ಅಲೆಯ ಆಕಾರ ಕೆಡಿಸುವ ಹಾರ್ಮೋನಿಕ್ಸ್ ರಿಲೇಗಳನ್ನು ದಾರಿ ತಪ್ಪಿಸುತ್ತದೆ.

ಇದಕ್ಕೆ ಅಣುಬಾಂಬ್ ಕೂಡ ಬೇಕಿಲ್ಲ. 1989ರ ಮಾರ್ಚ್ 13ರಂದು ಸೂರ್ಯನ ಬಿರುಗಾಳಿಯೊಂದೇ ಕೆನಡಾದ ಕ್ವಿಬೆಕ್ ಗ್ರಿಡ್ಡನ್ನು ಸುಮಾರು ಒಂದೂವರೆ ನಿಮಿಷದಲ್ಲಿ ಕೆಡವಿ 60 ಲಕ್ಷ ಜನರನ್ನು ಸುಮಾರು 9 ಗಂಟೆ ಕತ್ತಲಲ್ಲಿಟ್ಟಿತು. ಅಲ್ಲಿ ಮೊದಲು ಟ್ರಿಪ್ ಆದದ್ದು ವೋಲ್ಟೇಜ್ ಹಿಡಿದಿಡಬೇಕಿದ್ದ ವಿಎಆರ್ ಕಾಂಪೆನ್ಸೇಟರುಗಳೇ. ಸೂರ್ಯನ ವಿಷಯಕ್ಕೆ ಬಂದರೆ ಮುಂಬಯಿಗೆ ಒಂದು ಹಳೆಯ ಹೆಗ್ಗಳಿಕೆಯಿದೆ: 1859ರ ಸೆಪ್ಟೆಂಬರಿನ ಆ ದೊಡ್ಡ ಸೌರ ಬಿರುಗಾಳಿಯನ್ನು ಕೊಲಾಬಾ ವೀಕ್ಷಣಾಲಯ ದಾಖಲಿಸಿತು, ಕಾಂತಕ್ಷೇತ್ರ ಸುಮಾರು 1,600 ನ್ಯಾನೊಟೆಸ್ಲಾ ಕುಸಿದಿತ್ತು. ಮುಂಬಯಿಗೆ ಎಲೆಕ್ಟ್ರಿಕ್ ಟ್ರಾಮ್ ಬರುವ ಹೊತ್ತಿಗೆ ಅದರ ಗದ್ದಲಕ್ಕೆ ಅಂಜಿ ಉಪಕರಣಗಳನ್ನು ಅಲಿಬಾಗಿಗೆ ಒಯ್ದರು, 1904ರಲ್ಲಿ. ಪಿಕ್ನಿಕ್ಕಿಗೆ ಅಲಿಬಾಗಿಗೆ ಹೋಗುವ ನಮ್ಮವರಲ್ಲಿ ಆ ವೀಕ್ಷಣಾಲಯ ಕಂಡವರು ವಿರಳ.

ಇ3ರಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು ರಾಶಿರಾಶಿಯಾಗಿ ಸುಟ್ಟುಹೋಗುತ್ತವೆಂಬ ಮಾತಿಗೆ ನಮ್ಮ ಪೂರ್ಣ ಒಪ್ಪಿಗೆಯಿಲ್ಲ. ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ ಎಪ್ರಿಯ 2019ರ ಅಧ್ಯಯನವೂ ಪ್ರಾದೇಶಿಕ ವೋಲ್ಟೇಜ್ ಕುಸಿತ ಆಗಬಹುದು, ಟ್ರಾನ್ಸ್‌ಫಾರ್ಮರುಗಳ ಸಾಮೂಹಿಕ ನಾಶ ಆಗದು ಎಂದೇ ಹೇಳಿತು. ಕೆಲವು ಸುಟ್ಟರೂ ನೋವು ದೊಡ್ಡದು: ಇನ್ನೂರು ಟನ್ನು ತೂಗುವ ಯಂತ್ರ ಅಂಗಡಿಯಲ್ಲಿ ಸಿಗುವುದಿಲ್ಲ, ಆರ್ಡರ್ ಕೊಟ್ಟರೆ ವರ್ಷದ ಮೇಲಾಗುತ್ತದೆ. ನಮ್ಮ 765 ಕೆವಿ ಟ್ರಾನ್ಸ್‌ಫಾರ್ಮರ್ ಗುಂಪುಗಳಲ್ಲಿ ಮೂರು ಸಿಂಗಲ್ ಫೇಸ್ ಯೂನಿಟ್ಟಿನ ಜತೆ ನಾಲ್ಕನೆಯದನ್ನು ಬಿಡಿಯಾಗಿ ಇಡುವ ಪದ್ಧತಿ ಇರುವುದು ಪುಣ್ಯ. ನಿಮ್ಮ ಸೊಸೈಟಿಯ ಮುಂದಿರುವ 11 ಕೆವಿ ಟ್ರಾನ್ಸ್‌ಫಾರ್ಮರಿನ ಮೇಲ್ಬದಿ ಡೆಲ್ಟಾ ವೈಂಡಿಂಗ್, ಅದಕ್ಕೆ ನ್ಯೂಟ್ರಲ್ಲೇ ಇಲ್ಲ, ಇ3 ಹೊಗಲು ಬಾಗಿಲಿಲ್ಲ.

2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನಿನ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಕೂಡಿತು. ಅಂದಿನಿಂದ ಕರ್ನಾಟಕದ ಶರಾವತಿಯ ಜನರೇಟರೂ ಮಹಾರಾಷ್ಟ್ರದ ಭಿರಾದ ಜನರೇಟರೂ ಒಂದೇ 50 ಹರ್ಟ್ಸ್ ತಾಳಕ್ಕೆ ಬಿದ್ದಿವೆ. ಸಾಮಾನ್ಯ ದಿನಗಳಲ್ಲಿ ಇದು ಬಲ. ದೊಡ್ಡ ಏಟಿಗೆ ಬೇಕಾದದ್ದು ಇದರ ತದ್ವಿರುದ್ಧ: ಸರಿಯಾದ ಗಳಿಗೆಯಲ್ಲಿ ಕೈ ಬಿಡಿಸಿಕೊಂಡು ತನ್ನಷ್ಟಕ್ಕೆ ನಿಲ್ಲುವುದು. ಅದೇ ಐಲ್ಯಾಂಡಿಂಗ್. ಮುಂಬಯಿಗೆ ಆ ವ್ಯವಸ್ಥೆ ದಶಕಗಳಿಂದ ಇದೆ, ಟ್ರಾಂಬೆ, ಡಹಾಣುವಿನ ಉತ್ಪಾದನೆಯನ್ನು ನಂಬಿಕೊಂಡು. 2020ರ ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ 10ರ ಸುಮಾರಿಗೆ ಕಳ್ವಾ ಭಾಗದ 400 ಕೆವಿ ದಾರಿಗಳು ತಪ್ಪಿದಾಗ ಅದು ನಗರವನ್ನು ಉಳಿಸಲಿಲ್ಲ. ಲೋಕಲ್ ಟ್ರೇನುಗಳು ನಿಂತವು. ಸೈಬರ್ ದಾಳಿಯೋ, ಮನುಷ್ಯರ ತಪ್ಪೋ ಎಂಬ ವಾದ ಆಮೇಲೆ ಬಹಳ ನಡೆಯಿತು. ಐಲ್ಯಾಂಡಿಂಗಿನ ಗಣಿತ ಮಾತ್ರ ಕಾರಣ ಕೇಳುವುದಿಲ್ಲ: ಬೇರೆಯಾದ ಕ್ಷಣ ಒಳಗಿನ ಉತ್ಪಾದನೆ, ಒಳಗಿನ ಲೋಡು ಹತ್ತಿರ ಹತ್ತಿರ ಇರಬೇಕು. ಲೋಡು ಹೆಚ್ಚಿದ್ದರೆ ಫ್ರೀಕ್ವೆನ್ಸಿ ಇಳಿಯುತ್ತದೆ. ಫೀಡರುಗಳನ್ನು ಕಡಿಯುವ ರಿಲೇ ಸೆಕೆಂಡಿನ ಒಂದು ಭಾಗ ತಡವಾದರೂ ಟರ್ಬೈನ್ ತನ್ನನ್ನು ಉಳಿಸಿಕೊಳ್ಳಲು ತಾನೇ ಟ್ರಿಪ್ ಆಗುತ್ತದೆ.

ಆ ದಿನ ಸುತ್ತಲಿನ ಗ್ರಿಡ್ ಜೀವಂತವಿತ್ತು, ಕರೆಂಟು ಗಂಟೆಗಳಲ್ಲಿ ಮರಳಿತು. ಸುತ್ತಲೂ ಕತ್ತಲಾದರೆ ಬೇಕಾದದ್ದು ಬ್ಲ್ಯಾಕ್ ಸ್ಟಾರ್ಟ್, ಅಂದರೆ ಹೊರಗಿನ ಕರೆಂಟಿಲ್ಲದೆ ತಾನಾಗಿ ಏಳುವುದು. 500 ಮೆಗಾವ್ಯಾಟಿನ ಕಲ್ಲಿದ್ದಲು ಘಟಕಕ್ಕೆ ತನ್ನ ಫ್ಯಾನು, ಪಂಪು, ಮಿಲ್ಲುಗಳಿಗೇ ಮೂವತ್ತರ ಆಸುಪಾಸು ಮೆಗಾವ್ಯಾಟ್ ಬೇಕು, ಅದು ತಾನಾಗಿ ಏಳದು. ಏಳಬಲ್ಲವು ಜಲವಿದ್ಯುತ್ ಘಟಕಗಳು: ಖೋಪೋಲಿ, ಭಿವಪುರಿ, ಭಿರಾ, ಆಚೆ ಕೊಯ್ನಾ. ಗೇಟು ತೆರೆಯುವ ಆಯಿಲ್ ಪಂಪಿಗೊಂದು ಸಣ್ಣ ಡೀಸೆಲ್ ಸೆಟ್, ಎಕ್ಸೈಟೇಶನ್ನಿಗೆ (ಜನರೇಟರಿನ ಕಾಂತಕ್ಕೆ ಮೊದಲ ಕರೆಂಟು ಕೊಡಲು) ಬ್ಯಾಟರಿ, ಇಷ್ಟಿದ್ದರೆ ಸಾಕು. ಆಮೇಲೆ ಖಾಲಿ ಲೈನು ಚಾರ್ಜ್ ಮಾಡಬೇಕು. 400 ಕೆವಿ ಲೈನು ರಿಯಾಕ್ಟಿವ್ ಪವರನ್ನು ಕಿಲೋಮೀಟರಿಗೆ ಅರ್ಧ ಮೆಗಾವಿಎಆರ್‌ಗಿಂತ ತುಸು ಹೆಚ್ಚು ತಾನೇ ಹುಟ್ಟಿಸುತ್ತದೆ. 100 ಕಿ.ಮೀ. ಎಂದರೆ ಐವತ್ತರ ಮೇಲೆ. ತುದಿಯಲ್ಲಿ ವೋಲ್ಟೇಜ್ ಉಬ್ಬಿ ಪುಟ್ಟ ಜಲ ಘಟಕ ಮತ್ತೆ ಟ್ರಿಪ್ ಆಗುತ್ತದೆ. ಹಾಗಾಗಿ ಆರಂಭಕ್ಕೆ 220 ಅಥವಾ 110 ಕೆವಿ ದಾರಿಯೇ ವಾಸಿ. ಪ್ರತಿ ತಾಣದಲ್ಲೂ ಬ್ರೇಕರ್ ಹಾಕಲು ಡಿಸಿ ಬೇಕು, ಗಡುವು ಓಡುತ್ತಲೇ ಇರುತ್ತದೆ.

ಇನ್ನು ಮಾಟುಂಗದ, ಡೊಂಬಿವಲಿಯ, ವಾಶಿಯ ನಮ್ಮ ಕಟ್ಟಡಗಳ ಮಾತು. ಕರೆಂಟಿಲ್ಲದೆ ಒಂದು ವಾರ ಬದುಕಬಹುದು, ನೀರಿಲ್ಲದೆ ಎರಡು ದಿನ ಕಷ್ಟ. ಮೋಡಕ್ ಸಾಗರ, ತಾನ್ಸಾದ ನೀರು ಇಳಿಜಾರಿನಲ್ಲೇ ಭಾಂಡುಪಿಗೆ ಹರಿದು ಬರುತ್ತದೆ. ಭಾತ್ಸಾ ನೀರನ್ನು ಪಿಸೆಯಲ್ಲಿ ಪಂಪ್ ಮಾಡಲೇಬೇಕು. ಉಲ್ಹಾಸ ನದಿಯಿಂದ ಎತ್ತುವ ಡೊಂಬಿವಲಿ ಕಡೆಗೂ ಅದೇ ಪಾಡು. ನೆಲದಡಿಯ ತೊಟ್ಟಿಗೆ ಬಂದಷ್ಟನ್ನು ಮೇಲಿನ ಟಾಂಕಿಗೆ ಏರಿಸುವುದು ಸೊಸೈಟಿಯ ಪಾಲು.

ಏಳು ಮಹಡಿಗೆ ನೀರೇರಿಸುವ 5 ಎಚ್‌ಪಿ ಪಂಪು ಗಂಟೆಗೆ ಹೆಚ್ಚುಕಡಿಮೆ 20,000 ಲೀಟರ್ ಎತ್ತಬಲ್ಲದು, ಅಂದರೆ 40 ಮನೆಗಳಿಗೆ ತಲಾ 500 ಲೀಟರ್. ಸಣ್ಣ ಜನರೇಟರಿನಲ್ಲಿ ಇದಕ್ಕೆ ತಗಲುವ ಡೀಸೆಲ್ ಗಂಟೆಗೆ 2 ಲೀಟರಿನ ಆಸುಪಾಸು. ದಿನಕ್ಕೊಂದು ಗಂಟೆ ಓಡಿಸಿದರೆ 40 ಲೀಟರಿನ ಎರಡು ಕ್ಯಾನು 40 ದಿನ ಬರುತ್ತವೆ. ಅದೇ ಡೀಸೆಲ್ಲಿನಲ್ಲಿ ದೊಡ್ಡ ಸೆಟ್ಟು ಹಾಕಿ ಲಿಫ್ಟು, ಪಾರ್ಕಿಂಗ್ ದೀಪ ಎಲ್ಲ ಓಡಿಸಿದರೆ ಎರಡನೆಯ ದಿನಕ್ಕೇ ಮುಗಿಯಿತು. ತಪ್ಪಾಗುವ ಜಾಗ ಸ್ಟಾರ್ಟರ್: ಡೈರೆಕ್ಟ್ ಸ್ಟಾರ್ಟರಿನಲ್ಲಿ 5 ಎಚ್‌ಪಿ ಮೋಟಾರು ಏಳುವಾಗ ಆರು ಪಟ್ಟು ಕರೆಂಟು ಎಳೆದು 15 ಕೆವಿಎ ಸೆಟ್ಟನ್ನು ಉಸಿರುಗಟ್ಟಿಸುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿ, ಆ ಕರೆಂಟು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಜನರೇಟರು ಲೋಹದ ಗೂಡಿನಲ್ಲಿದೆ, ಇ1ರಿಂದ ಬಹುತೇಕ ಪಾರು. ಕರೆಂಟು ಹೋದೊಡನೆ ಅದನ್ನು ತಾನಾಗಿ ಚಾಲೂ ಮಾಡುವ ಎಎಂಎಫ್ ಪ್ಯಾನೆಲ್ ಪಾರಲ್ಲ. ಮೇನ್ಸ್ ಹೋಯಿತೇ ಎಂದು ನೋಡಲು ಅದರ ತಂತಿ ಸದಾ ಗ್ರಿಡ್ಡಿಗೆ ಕಟ್ಟಿರುತ್ತದೆ, ಏಟು ಬರುವುದೂ ಅದೇ ತಂತಿಯಲ್ಲಿ. ಆದ್ದರಿಂದ ಕೈಯಿಂದ ತಿರುಗಿಸುವ ಚೇಂಜ್‌ಓವರ್ ಸ್ವಿಚ್ಚು, ಕಂಟ್ರೋಲರ್ ಇಲ್ಲದೆ ಕೀಯಿಂದ ಸ್ಟಾರ್ಟ್ ಮಾಡುವ ದಾರಿ, ಜನರೇಟರಿನ ವೋಲ್ಟೇಜ್ ಹದದಲ್ಲಿಡುವ ಎವಿಆರ್ ಕಾರ್ಡು ಬಿಡಿಯಾಗಿ ಒಂದು ಇರಲಿ. ಸರ್ಜ್ ಅರೆಸ್ಟರ್ (ಏರಿದ ವೋಲ್ಟೇಜನ್ನು ನೆಲಕ್ಕಿಳಿಸುವ ಸಾಧನ) ಹಾಕಿಸುವುದಾದರೆ ಅದನ್ನು ಜೋಡಿಸುವ ತಂತಿ ಅಳೆಯಿರಿ. ಒಂದು ಮೀಟರ್ ತಂತಿಯ ಇಂಡಕ್ಟೆನ್ಸ್ ಸುಮಾರು 1 ಮೈಕ್ರೊಹೆನ್ರಿ. 20 ನ್ಯಾನೊಸೆಕೆಂಡಿನಲ್ಲಿ 500 ಆಂಪಿಯರ್ ಏರಿದರೆ ಆ ಮೀಟರಿನ ಮೇಲೇ 25,000 ವೋಲ್ಟ್. ಒಳಗಿನ ಅರೆಸ್ಟರ್ ಎಷ್ಟೇ ಚುರುಕಾಗಿದ್ದರೂ ವ್ಯರ್ಥ. 10 ಸೆಂಟಿಮೀಟರಿಗೆ ಇಳಿಸಿದರೆ 2,500. ಎಲೆಕ್ಟ್ರಿಷಿಯನ್ ಅಂದಕ್ಕೆಂದು ಸುರುಳಿ ಸುತ್ತಿ ಕಟ್ಟುವ ತಂತಿಯೇ ಇಲ್ಲಿ ಶತ್ರು.

ಎವಿಆರ್ ಕಾರ್ಡು, ಪಂಪಿನ ಕಂಟ್ರೋಲರ್, ಒಂದು ಪುಟ್ಟ ರೇಡಿಯೊ, ಟಾರ್ಚು: ಇವಕ್ಕೆ ರಟ್ಟಿನ ಒಳಹಾಸು ಹಾಕಿದ ತಗಡಿನ ಟ್ರಂಕ್ ಸಾಕು. ಮುಚ್ಚಳ ಕೂಡುವ ಅಂಚಿನ ಬಣ್ಣ ಕೆರೆದು, ಸುತ್ತ ಅಲ್ಯುಮಿನಿಯಂ ಟೇಪು ಅಂಟಿಸಿ. ಪೆಟ್ಟಿಗೆ ಸೋಲುವುದು ತಗಡಿನ ದಪ್ಪದಲ್ಲಲ್ಲ, ಸಂದಿನಲ್ಲಿ. ಒಳಗೆ ಮೊಬೈಲಿಟ್ಟು ಕರೆ ಮಾಡಿ ನೋಡುವ ಪರೀಕ್ಷೆಯನ್ನು ನಂಬಬೇಡಿ, ಪಕ್ಕದ ಟವರಿನ ಸಿಗ್ನಲ್ ಎಷ್ಟು ಗಟ್ಟಿಯೆಂದರೆ ಒಳ್ಳೆಯ ಪೆಟ್ಟಿಗೆಯಲ್ಲೂ ಫೋನು ರಿಂಗಾದೀತು. ರೇಡಿಯೊದಲ್ಲಿ ಎಫ್‌ಎಂ ಹಾಕಿ ಮುಚ್ಚಿ, ಆಮೇಲೆ ಎಎಂ ಹಾಕಿ ಮುಚ್ಚಿ. ಎರಡೂ ಸುಮ್ಮನಾದರೆ ಪರವಾಗಿಲ್ಲ.

ಕರೆಂಟು ಮರಳುವ ಗಳಿಗೆಯನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಗಂಟೆಗಟ್ಟಲೆ ನಿಂತ ಫ್ರಿಜ್ಜು, ಎಸಿ, ಗೀಸರ್ ಎಲ್ಲ ಒಟ್ಟಿಗೆ ಏಳಲು ನೋಡುತ್ತವೆ, ಫೀಡರಿನ ಲೋಡು ಮಾಮೂಲಿನ ಎರಡು ಪಟ್ಟಾದರೂ ಅಚ್ಚರಿಯಿಲ್ಲ. ಆಗಷ್ಟೇ ಎದ್ದ ಜಲ ಘಟಕಕ್ಕೆ ಅದು ಮರಣದೇಟು. ಕಂಟ್ರೋಲ್ ರೂಮಿನವರು ಚೂರು ಚೂರಾಗಿ ಲೋಡು ಸೇರಿಸುವುದು ಅದಕ್ಕೇ. ನಿಮ್ಮ ಮನೆಯಲ್ಲೂ ಅಷ್ಟೇ: ಒಂದು ಬಲ್ಬಿನ ಎಂಸಿಬಿ ಬಿಟ್ಟು ಉಳಿದದ್ದೆಲ್ಲ ಇಳಿಸಿಡಿ. ಬಲ್ಬು ಹತ್ತಿ 15 ನಿಮಿಷ ಮಿನುಗದೆ ಉರಿದರೆ ಮೊದಲು ಪಂಪು, ಟಾಂಕಿ ತುಂಬಿದ ಮೇಲೆ ಫ್ರಿಜ್ಜು. ಲಿಫ್ಟು ಎಲ್ಲಕ್ಕಿಂತ ಕೊನೆಗೆ.