ಹಿತಕಿದ ಬೇಳೆಯ ಮಧ್ಯಾಹ್ನಗಳು

ನಿವೃತ್ತಿಯಾದ ಮೇಲೆ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಯಾರಾದರೂ ಕೇಳಿದರೆ, ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ನಾನು ಕೊಡುವ ಉತ್ತರ ಒಂದೇ: ಅವರೆಕಾಯಿ ಸುಲಿಯುತ್ತೇನೆ. ಹಾರಿಕೆಯ ಮಾತೆಂದು ತಿಳಿದು ಕೇಳಿದವರು ನಕ್ಕುಬಿಡುತ್ತಾರೆ. ಆದರೆ ಬ್ಯಾಂಕಿನಲ್ಲಿ 36 ವರ್ಷ ದುಡಿದು, ಮೂರು ವರ್ಷಗಳ ಹಿಂದೆ ಒಂದು ತಿಂಗಳ ಕೊನೆಯ ದಿನ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿಯೊಂದಿಗೆ ಬೆಂಗಳೂರಿನ ಹನುಮಂತನಗರದ ಮನೆಗೆ ಮರಳಿದ ನನಗೆ, ಈ ಬಿಡುವಿನ ನಿಜವಾದ ರುಚಿ ಹತ್ತಿದ್ದು ಮೊರದ ಮುಂದೆ ಕುಳಿತಾಗಲೇ. ಯಾತ್ರೆ, ಯೋಗದ ತರಗತಿ, ವೀಣೆಯ ಪಾಠ ಎಂದೆಲ್ಲ ಮೊದಲೇ ಹಾಕಿಕೊಂಡಿದ್ದ ಪಟ್ಟಿಯಲ್ಲಿ ಅವರೆಕಾಯಿಯ ಹೆಸರೇ ಇರಲಿಲ್ಲ. ವೀಣೆ ಗವಸಿನೊಳಗೆ ಹಾಗೆಯೇ ಇದೆ.

ಕೆಲಸದಲ್ಲಿದ್ದಾಗ ನಾನು ಹಿತಕಿದ ಬೇಳೆಯನ್ನು, ಅಂದರೆ ನೆನೆಸಿ ತೊಗಲು ಕಳೆದ ಅವರೆಕಾಳನ್ನು, ಕೊಂಡೇ ತರುತ್ತಿದ್ದೆ. ಗಾಂಧಿಬಜಾರಿನ ಪಾದಚಾರಿ ಹಾದಿಯಲ್ಲಿ ಸಾಲಾಗಿ ಕುಳಿತ ಹೆಂಗಸರು, ಮಾತಾಡುತ್ತ, ಗಿರಾಕಿಗೆ ಚಿಲ್ಲರೆ ಕೊಡುತ್ತ, ಕಣ್ಣು ಹಾಯಿಸದೆಯೇ ಬೇಳೆ ಹಿತಕಿ ರಾಶಿ ಹಾಕುತ್ತಿದ್ದರು. ಸಂಜೆ ಏಳರ ಮೇಲೆ ಬಸ್ಸಿಳಿದು, ಅವರಿಂದ ಕಾಲು ಕೆಜಿ ಕಟ್ಟಿಸಿಕೊಂಡು, ಊಟದ ಡಬ್ಬಿಯ ಚೀಲದಲ್ಲೇ ಅದನ್ನು ತುರುಕಿಕೊಂಡು ಮನೆಗೆ ಓಡುತ್ತಿದ್ದೆ. ಅತ್ತೆ ಆ ಪೊಟ್ಟಣ ಬಿಚ್ಚಿ ಒಮ್ಮೆ ಮೂಸಿ, "ಬಹಳ ಹೊತ್ತು ನೀರಿನಲ್ಲಿತ್ತು ಅಂತ ಕಾಣುತ್ತೆ" ಎನ್ನುತ್ತಿದ್ದರು. ಅದರಾಚೆಗೆ ಒಂದು ಮಾತೂ ಇಲ್ಲ. ಆ ಒಂದು ವಾಕ್ಯಕ್ಕೆ ನಾನು ಎಷ್ಟು ವರ್ಷ ಒಳಗೊಳಗೇ ಮುನಿಸಿಕೊಂಡಿದ್ದೆನೆಂಬುದು ಅವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಸುಮ್ಮನಿದ್ದಾರೆ.

ಈಗ ಬೆಳಿಗ್ಗೆ ಕಾಫಿ ಮುಗಿಸಿ ಎಂಟೂವರೆಯ ಹೊತ್ತಿಗೆ ಹೊರಡುತ್ತೇನೆ. ನಮ್ಮ ಯಜಮಾನರು ಅಷ್ಟರಲ್ಲಿ ಲಾಲ್‌ಬಾಗಿನಲ್ಲಿ ತಮ್ಮ ಸುತ್ತು ಮುಗಿಸಿ, 300 ಕೋಟಿ ವರ್ಷ ಹಳೆಯದೆನ್ನುವ ಆ ಬಂಡೆಯ ಮೇಲೆ ಗೆಳೆಯರೊಂದಿಗೆ ಕುಳಿತು, ನೆನ್ನೆಯ ಪತ್ರಿಕೆಯನ್ನು ಇವತ್ತು ಚರ್ಚಿಸುತ್ತಿರುತ್ತಾರೆ. ನನ್ನ ದಾರಿ ಬೇರೆ. ದೊಡ್ಡಬಸವಣ್ಣನ ಗುಡಿಯ ಮುಂದೆ ನಿಂತು ಕೈಮುಗಿದು, ಕಹಳೆ ಬಂಡೆಯ ಉದ್ಯಾನದ ಪಕ್ಕದಲ್ಲಿ ಇಳಿದು ಹೋಗುತ್ತೇನೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಮುಗಿದ ಕೆಲವು ದಿನಗಳವರೆಗೂ ಈ ರಸ್ತೆಯ ಅಂಚಿನಲ್ಲಿ ಕಡಲೆಕಾಯಿಯ ಸಿಪ್ಪೆ ಸಿಗುತ್ತಿರುತ್ತದೆ. ಕಡಲೆಕಾಯಿ ಹಿಂದೆ ಸರಿದಂತೆ ಅವರೆಕಾಯಿಯ ಗುಡ್ಡೆಗಳು ಮುಂದೆ ಬರುತ್ತವೆ.

ಅವರೆಕಾಯಿ ಕೊಳ್ಳುವುದು ಅವಸರದ ಕೆಲಸವಲ್ಲ. ಮೊದಲು ಕೈಯನ್ನು ಗುಡ್ಡೆಯೊಳಗೆ ಆಡಿಸಬೇಕು. ಒಳ್ಳೆಯ ಕಾಯಿ ಬೆರಳಿಗೆ ಸ್ವಲ್ಪ ಜಿಡ್ಡು ಅಂಟಿಸುತ್ತದೆ. ಆ ಜಿಡ್ಡಿನ ವಾಸನೆಯೇ ಸೊಗಡು. ಅದು ಇಲ್ಲದ ಅವರೆ ಬರಿಯ ಕಾಳು. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುವುದು ಮಾರುವವರ ಮಾತೂ ಹೌದು, ನಮ್ಮತ್ತೆಯ ಮಾತೂ ಹೌದು. "ಮೂಸಿ ನೋಡಕ್ಕ, ಮಾಗಡಿ ಕಡೆ ಕಾಯಿ" ಎಂದು ನನ್ನ ಖಾಯಮ್ಮಿನ ವ್ಯಾಪಾರದಾಕೆ ಒಂದು ಹಿಡಿ ಮುಂದೊಡ್ಡುತ್ತಾಳೆ. ಎಲ್ಲ ಕಾಯಿಯೂ ಮಾಗಡಿಯದೇ ಆಗಿರಲು ಸಾಧ್ಯವಿಲ್ಲವೆಂದು ಇಬ್ಬರಿಗೂ ಗೊತ್ತು. ನಾಟಿ ಅವರೆಯು ಹಗಲು ಚಿಕ್ಕದಾಗುವ ಕಾಲಕ್ಕೇ ಹೂ ಬಿಡುವ ಬೆಳೆ. ಆದ್ದರಿಂದಲೇ ಯಾವಾಗ ಬಿತ್ತಿದರೂ ಅದು ಚಳಿಗಾಲಕ್ಕಾಗಿ ಕಾಯುತ್ತದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದದ ಹಂಗಿಲ್ಲದೆ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟ ಮೇಲೆ ವರ್ಷದ ಬೇರೆ ತಿಂಗಳುಗಳಲ್ಲಿಯೂ ಅವರೆಕಾಯಿ ಸಿಗುತ್ತದೆ. ರೈತರಿಗೆ ಅದರಿಂದ ಅನುಕೂಲವಾಗಿದೆ, ಸಂತೋಷ. ಆದರೂ ಜುಲೈ ತಿಂಗಳ ಅವರೆಕಾಯಿಯನ್ನು ನಾನು ಮುಟ್ಟುವುದಿಲ್ಲ. ಎಷ್ಟೋ ವರ್ಷ ಎಲ್ಲವನ್ನೂ ಸಿಕ್ಕಾಗ ಕೊಂಡು, ಪುರಸೊತ್ತಾದಾಗ ತಿಂದವಳಿಗೆ, ಒಂದು ಪದಾರ್ಥಕ್ಕಾಗಿ ಹತ್ತು ತಿಂಗಳು ಕಾಯುವುದೇ ಈಗ ಒಂದು ಸುಖ.

ಎರಡು ಕೆಜಿ ಕಾಯಿ ತಂದು ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಪತ್ರಿಕೆ ಹಾಸಿ ಸುರಿದರೆ, ಅತ್ತೆ ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಬರುತ್ತಾರೆ. ಅವರಿಗೀಗ 87 ವರ್ಷ. ಎಡಗಣ್ಣು ಮಂಜು, ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ. ಆದರೆ ಹುಳು ಕೊರೆದ ಕಾಯಿಯನ್ನು ಬೆರಳ ತುದಿಯಿಂದಲೇ ಗುರುತಿಸಿ ಪಕ್ಕಕ್ಕೆ ಎಸೆಯುತ್ತಾರೆ; ಕನ್ನಡಕ ಹಾಕಿಕೊಂಡ ನಾನು ಬಿಡಿಸಿದ ಮೇಲೆ ಒಳಗಿನ ಹಸಿರು ಹುಳು ನೋಡಿ ಬೆಚ್ಚುತ್ತೇನೆ. ಸಿಪ್ಪೆ ಕಳೆದರೆ ಉಳಿಯುವ ಕಾಳು ತೂಕದಲ್ಲಿ ಅರ್ಧಕ್ಕಿಂತಲೂ ಕಡಿಮೆ. ಅದನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಗಾಗುವುದರೊಳಗೆ ಕಾಳು ಉಬ್ಬಿ, ತೊಗಲು ಸಡಿಲಗೊಂಡಿರುತ್ತದೆ. ಆಮೇಲಿನದು ಹಿತಕುವ ಕೆಲಸ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಅದುಮಿದರೆ ಬೇಳೆ ತೊಗಲಿನಿಂದ ಜಾರಿ ಹೊರಬರಬೇಕು. ಒತ್ತಡ ಹೆಚ್ಚಾದರೆ ಅದು ಹಾರಿ ಸೋಫಾದ ಕೆಳಗೆ ಸೇರುತ್ತದೆ, ಕಡಿಮೆಯಾದರೆ ಒಳಗೇ ಉಳಿಯುತ್ತದೆ. ಮೊದಲ ವರ್ಷ ನಮ್ಮ ಮನೆ ಗುಡಿಸಿದಾಗಲೆಲ್ಲ ಮೂಲೆಮೂಲೆಯಲ್ಲಿ ಒಣಗಿದ ಬೇಳೆ ಸಿಗುತ್ತಿತ್ತು.

ಮದುವೆಯಾಗಿ 35 ವರ್ಷವಾದ ಮೇಲೆ ನಾನು ಅತ್ತೆಯೊಂದಿಗೆ ಗಡಿಯಾರ ನೋಡದೆ ಕುಳಿತದ್ದು ಇದೇ ಮೊದಲು. ಅವರು ಮಾತಿನ ಮನುಷ್ಯರಲ್ಲ. ಆದರೆ ಕೈಗೆ ಕೆಲಸವಿದ್ದಾಗ ಮಾತು ತಾನಾಗಿ ಬರುತ್ತದೆ. ಮಾಗಡಿಯ ಬಳಿಯ ತಮ್ಮ ತವರಿನಲ್ಲಿ ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರಂತೆ. ರಾಗಿ ಕೊಯ್ದ ಮೇಲೆ ಬೋಳಾದ ಹೊಲದಲ್ಲಿ ಅವರೆಯೊಂದೇ ಮಂಜು ಕುಡಿಯುತ್ತ ನಿಂತಿರುತ್ತಿತ್ತಂತೆ. ಬೆಳಗಿನ ಜಾವ ಕಾಯಿ ಬಿಡಿಸಲು ಹೋದರೆ ಲಂಗದ ಅಂಚು ಮೊಣಕಾಲವರೆಗೆ ಒದ್ದೆಯಾಗುತ್ತಿತ್ತು ಎಂದು ಹೇಳುವಾಗ ಅವರ ಕೈ ಒಂದು ಕ್ಷಣ ನಿಲ್ಲುತ್ತದೆ. ಇದನ್ನೆಲ್ಲ ಯಾಕೆ ಮೊದಲೇ ಹೇಳಲಿಲ್ಲ ಎಂದು ಒಮ್ಮೆ ಕೇಳಿದೆ. "ನೀನು ಯಾವಾಗ ಕೂತಿದ್ದೆ?" ಎಂದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಲೆಕ್ಕ ಒಪ್ಪಿಸಿದಂತಿತ್ತು.

ಲೆಕ್ಕದ ಮಾತು ಬಂದಾಗ ಕಳೆದ ನವೆಂಬರಿನ ಒಂದು ಪ್ರಸಂಗವನ್ನು ಹೇಳಲೇಬೇಕು. ನಮ್ಮಂಥ ಪಿಂಚಣಿದಾರರು ಆ ತಿಂಗಳಲ್ಲಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಒಪ್ಪಿಸಬೇಕು. 2014ರಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರ ಬಂದ ಮೇಲೆ ಇದು ಬೆರಳಚ್ಚಿನ ಯಂತ್ರದ ಮೂಲಕ ನಡೆಯುತ್ತಿತ್ತು. ಸೇವೆಯಲ್ಲಿದ್ದಾಗ ಕೌಂಟರಿನ ಆ ಬದಿಯಲ್ಲಿ ಕುಳಿತು ಅದೆಷ್ಟು ಹಿರಿಯರ ಹೆಬ್ಬೆರಳನ್ನು ಒರೆಸಿ ಆ ಗಾಜಿನ ಮೇಲೆ ಒತ್ತಿಸಿದ್ದೇನೋ! ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುತ್ತವೆ, ಚರ್ಮ ಒಣಗುತ್ತದೆ, ಯಂತ್ರ ಒಪ್ಪುವುದಿಲ್ಲ. ಆಗ ಅವರ ಮುಖದಲ್ಲಿ ಮೂಡುತ್ತಿದ್ದ ಸಣ್ಣ ಅವಮಾನವನ್ನು ನಾನು ಕಂಡಿದ್ದೆ, ಆದರೆ ಅದರ ಅರ್ಥ ತಿಳಿದಿರಲಿಲ್ಲ. ನನ್ನ ಸರದಿ ಬಂದ ದಿನ ಬೆಳಿಗ್ಗೆ ಎರಡು ಗಂಟೆ ಬೇಳೆ ಹಿತಕಿ, ನೇರವಾಗಿ ಶಾಖೆಗೆ ಹೋಗಿದ್ದೆ. ನೀರಿನಲ್ಲಿ ನೆನೆದ ಹೆಬ್ಬೆರಳು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿತ್ತು. ಯಂತ್ರ ನಾಲ್ಕು ಬಾರಿ ನನ್ನನ್ನು ನಿರಾಕರಿಸಿತು. ಮಗನ ವಯಸ್ಸಿನ ಗುಮಾಸ್ತ, "ನೀವು ಇರೋದು ನನಗೆ ಕಾಣ್ತಿದೆ ಮೇಡಂ, ಇದಕ್ಕೆ ಕಾಣ್ತಿಲ್ಲ" ಎಂದ. ಕೊನೆಗೆ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ಕಣ್ಣು ಮಿಟುಕಿಸಲು ಹೇಳಿದ. ಮಿಟುಕಿಸಿದೆ. ಇನ್ನೊಂದು ವರ್ಷ ಬದುಕಿರಲು ಅಪ್ಪಣೆಯಾಯಿತು. ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಡುಗೆಯ ವಿಷಯವನ್ನು ನಾನು ಹೆಚ್ಚು ಬರೆಯಲಾರೆ, ಏಕೆಂದರೆ ಅದರಲ್ಲಿ ನನ್ನ ಅಧಿಕಾರ ಕಡಿಮೆ. ಕೊಬ್ಬರಿ, ಗಸಗಸೆ, ಧನಿಯ, ಚೂರು ಚಕ್ಕೆ, ಎರಡು ಲವಂಗ ಸೇರಿಸಿ ರುಬ್ಬಿ ಇಂಗಿನ ಒಗ್ಗರಣೆ ಕೊಟ್ಟ ಸಾರು ನಮ್ಮ ಮನೆಯದು. ಬೆಳ್ಳುಳ್ಳಿ ಹಾಕದ್ದನ್ನು ಹಿತಕಿದ ಬೇಳೆ ಸಾರು ಎನ್ನುವುದೇ ತಪ್ಪು ಎಂದು ಪಕ್ಕದ ಮನೆಯವರು ವಾರಕ್ಕೊಮ್ಮೆ ಒಂದು ಬಟ್ಟಲು ತಂದುಕೊಡುತ್ತಾರೆ. ಅವರ ಮಾತು ಸರಿಯೆಂದು ನನಗೆ ಅನ್ನಿಸುತ್ತದೆ, ಆದರೆ ಅದನ್ನು ಈ ಮನೆಯೊಳಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಸಿಪ್ಪೆಯನ್ನು ಬೀದಿಗೆ ಬರುವ ಹಸುವಿಗೆ ಹಾಕುತ್ತೇವೆ. ಅದು ಈಗ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಗೇಟಿನ ಮುಂದೆ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಸಮಯಪಾಲನೆ ಉಳಿದಿರುವುದು ಅದೊಂದಕ್ಕೇ.

ಸಂಕ್ರಾಂತಿಯ ದಿನ ಉಪ್ಪು ಹಾಕಿ ಬೇಯಿಸಿದ ಇಡೀ ಅವರೆಕಾಯಿ, ಗೆಣಸು, ಕಡಲೆಕಾಯಿ ತಿಂದು ಮುಗಿಸಿದ ಮೇಲೆ ಗಾಂಧಿಬಜಾರಿನ ಗುಡ್ಡೆಗಳು ವಾರದಿಂದ ವಾರಕ್ಕೆ ಕುಗ್ಗುತ್ತವೆ. ಕಾಯಿ ಬಲಿತು ನಾರಾಗುತ್ತದೆ, ಸೊಗಡು ಇಳಿಯುತ್ತದೆ. ಈ ವರ್ಷ ಫೆಬ್ರವರಿಯ ಮೊದಲ ವಾರದಲ್ಲಿ ವ್ಯಾಪಾರದಾಕೆ ತಾನಾಗಿಯೇ, "ಬೇಡಕ್ಕ, ಇವತ್ತಿನದು ಚೆನ್ನಾಗಿಲ್ಲ" ಎಂದಳು. ಬರಿಗೈಯಲ್ಲಿ ಮನೆಗೆ ಬಂದು ಅತ್ತೆಗೆ ಕಾಲ ಮುಗಿಯಿತೆಂದೆ. ಅವರು ಸ್ವಲ್ಪ ಹೊತ್ತು ತಮ್ಮ ಬೆರಳುಗಳನ್ನೇ ಉಜ್ಜಿಕೊಳ್ಳುತ್ತ ಕುಳಿತಿದ್ದು, "ಹೊಸ ಹುಣಸೆಹಣ್ಣು ಬಂದಿರುತ್ತಲ್ಲ, ಐದು ಕೆಜಿ ತಗೊಂಬಾ. ಬೀಜ ತೆಗೆಯೋಣ" ಎಂದರು.

ಸಂಜೆಯೇ ಹೋಗಿ ತಂದೆ.