ಇಷ್ಟೊಂದು ಸಾಲ ನಮ್ಮ ಮನೇಲಿ ಮಾತ್ರನಾ?

ಬ್ಯಾಂಕಿನ ಸಾಲದ ಕೌಂಟರಿನಲ್ಲಿ 24 ವರ್ಷ ಕೂತವಳು ನಾನು. ನಿವೃತ್ತಿಯಾಗಿ ತಿಪಟೂರಿಗೆ ವಾಪಸ್ ಬಂದ ಮೇಲೂ ಜನ ಮನೆಗೆ ಬಂದು ಕೇಳುವುದು ನಿಂತಿಲ್ಲ. ಮೊದಲು ಬಡ್ಡಿ ಎಷ್ಟು ಅಂತ ಕೇಳುತ್ತಾರೆ. ಸಿಬಿಲ್ ಸ್ಕೋರ್ ಕೇಳುತ್ತಾರೆ. ಕಾಫಿ ಕುಡಿದು, ಹೊರಡಲು ಎದ್ದು, ಚಪ್ಪಲಿ ಹಾಕಿಕೊಳ್ಳುವಾಗ ದನಿ ತಗ್ಗಿಸಿ ನಿಜವಾದ ಪ್ರಶ್ನೆ ಕೇಳುತ್ತಾರೆ. "ಮೇಡಂ, ಇಷ್ಟೊಂದು ಸಾಲ ನಮ್ಮ ಮನೇಲಿ ಮಾತ್ರನಾ? ಬೇರೆಯವರಿಗೂ ಇರುತ್ತಾ?"

ಇರುತ್ತೆ. ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಮನೆಗಳಲ್ಲಿ ಇರುತ್ತೆ.

ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಸಾಲ ಮತ್ತು ಆಸ್ತಿ ಸಮೀಕ್ಷೆಯಲ್ಲಿ, ಹಳ್ಳಿಗಳಲ್ಲಿ ನೂರಕ್ಕೆ 35 ಮನೆಗಳು, ಪಟ್ಟಣಗಳಲ್ಲಿ ನೂರಕ್ಕೆ 22 ಮನೆಗಳು ಸಾಲ ಇದೆ ಎಂದು ಹೇಳಿದ್ದವು. ನಬಾರ್ಡ್ 2021-22ರಲ್ಲಿ ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ಕೇಳಿದಾಗ ಈ ಸಂಖ್ಯೆ ನೂರಕ್ಕೆ 52. ಅಂದರೆ ನಿಮ್ಮ ಬೀದಿಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆ. ಇದು ಕೂಡ ಬಾಯಿಬಿಟ್ಟು ಹೇಳಿದವರ ಲೆಕ್ಕ ಮಾತ್ರ. ಪುಸ್ತಕ ಹಿಡಿದು ಬಾಗಿಲಿಗೆ ಬಂದ ಅಪರಿಚಿತರ ಹತ್ತಿರ, ಅತ್ತೆ ಪಕ್ಕದಲ್ಲೇ ಕೂತಿರುವಾಗ, "ಭಾವನ ಹತ್ತಿರ ಐವತ್ತು ಸಾವಿರ ಈಸ್ಕೊಂಡಿದೀವಿ" ಅಂತ ಯಾರು ಹೇಳುತ್ತಾರೆ?

ಇನ್ನೊಂದು ಲೆಕ್ಕ ರಿಸರ್ವ್ ಬ್ಯಾಂಕಿನದು. ಸಾಲ ಇರುವ ಒಬ್ಬೊಬ್ಬರ ತಲೆಯ ಮೇಲೆ 2023ರ ಮಾರ್ಚ್‌ನಲ್ಲಿ ಸರಾಸರಿ 3.9 ಲಕ್ಷ ರೂಪಾಯಿ ಇತ್ತು. ಎರಡೇ ವರ್ಷದಲ್ಲಿ, 2025ರ ಮಾರ್ಚ್ ಹೊತ್ತಿಗೆ ಅದು 4.8 ಲಕ್ಷ ಆಯಿತು. ಸರಾಸರಿ ಅಂದ ಮೇಲೆ ದೊಡ್ಡ ಮನೆ ಸಾಲದವರೂ ಅದರಲ್ಲಿ ಸೇರಿರುತ್ತಾರೆ, ಅದು ಸರಿ. ಆದರೆ ಜನರ ಒಟ್ಟು ಸಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಮನೆ ಕಟ್ಟಲು ತೆಗೆದಿದ್ದಲ್ಲ. ಪರ್ಸನಲ್ ಲೋನ್, ಕಾರ್ಡು, ಚಿನ್ನ, ಗಾಡಿ, ಇಂಥವು. ಹತ್ತು ವರ್ಷ ಕಟ್ಟಿದರೂ ಕೈಯಲ್ಲಿ ಒಂದು ಗೋಡೆಯೂ ಉಳಿಯದ ಸಾಲಗಳು ಇದರಲ್ಲಿ ಎಷ್ಟೋ.

ಇಷ್ಟು ಹೇಳಿದರೆ ಕೇಳಿದವರ ಮುಖ ಸ್ವಲ್ಪ ಸಡಿಲವಾಗುತ್ತೆ. ಪೂರ್ತಿ ಆಗುವುದಿಲ್ಲ. ಸಾಲದ ಭಾರ ರೂಪಾಯಿಯಲ್ಲಿ ಪೂರ್ತಿ ಸಿಗುವುದಿಲ್ಲ ಅನ್ನುವುದು ನಾನು ಆ ಕುರ್ಚಿಯಲ್ಲಿ ಕೂತು ಕಲಿತ ಮಾತು.

ಈಚೆಗೆ ಒಬ್ಬರು ಬಂದಿದ್ದರು. ಖಾಸಗಿ ಶಾಲೆಯಲ್ಲಿ ಟೀಚರ್. ಗಂಡನದು ಸಣ್ಣ ಮೊಬೈಲ್ ಅಂಗಡಿ. ನಾನು ಒಂದು ಬಿಳಿ ಹಾಳೆ ಕೊಟ್ಟು ಐದು ಗೆರೆ ಎಳೆದೆ. ಯಾರಿಗೆ ಕೊಡಬೇಕು, ಎಷ್ಟು, ಬಡ್ಡಿ ಎಷ್ಟು, ತಿಂಗಳ ಯಾವ ತಾರೀಖು, ಮನೆಯಲ್ಲಿ ಯಾರಿಗೆ ಗೊತ್ತು. ಬರೆಯುತ್ತಾ ಹೋದರು. ಸರ ಅಡವಿಟ್ಟಿದ್ದು 90 ಸಾವಿರ. ಕ್ರೆಡಿಟ್ ಕಾರ್ಡು 62 ಸಾವಿರ. ಮೊಬೈಲ್ ಆ್ಯಪ್‌ನಲ್ಲಿ ತೆಗೆದಿದ್ದು 15 ಸಾವಿರ. ಅಣ್ಣನ ಹತ್ತಿರ ಕೈಗಡ 40 ಸಾವಿರ. ಕೂಡಿದರೆ 2 ಲಕ್ಷದ 7 ಸಾವಿರ. ಮಗನ ಕಾಲೇಜು ಫೀಸು, ಅತ್ತೆಯ ಕಣ್ಣಿನ ಆಪರೇಷನ್, ಆಮೇಲೆ ಹಳೆಯದನ್ನು ಕಟ್ಟಲು ಮಾಡಿದ ಹೊಸದು.

ಐದನೇ ಕಾಲಂ ಖಾಲಿ ಬಿಟ್ಟಿದ್ದರು. ಸರ ಅಡವಿಟ್ಟಿದ್ದು ಮನೆಯವರಿಗೆ ಗೊತ್ತಾಗಲಿಲ್ವಾ ಅಂದೆ. ಕತ್ತಿನಲ್ಲಿದ್ದ ಸರ ಮುಟ್ಟಿಕೊಂಡರು. "ಇದು ಒಂದು ಗ್ರಾಂ ಚಿನ್ನದ್ದು ಮೇಡಂ. ಅದೇ ಡಿಸೈನ್ ಹುಡುಕಿ ತಗೊಂಡೆ. ಬೆವರಿಗೆ ಕಪ್ಪಾಗುತ್ತೆ ಅಂತ ರಾತ್ರಿ ತೆಗೆದಿಡ್ತೀನಿ. ಅವರು ಮಲಗಿದ ಮೇಲೆ."

ಆದರೆ ಅವರು ಅತ್ತಿದ್ದು ಸರಕ್ಕಲ್ಲ, ಬಡ್ಡಿಯೇ ಇಲ್ಲದ ಆ 40 ಸಾವಿರಕ್ಕೆ. ಅಣ್ಣ ಒಂದು ದಿನವೂ ವಾಪಸ್ ಕೇಳಿಲ್ಲವಂತೆ. ಆದರೂ ಎರಡು ವರ್ಷದಿಂದ ಗೌರಿ ಹಬ್ಬಕ್ಕೆ ತವರಿಗೆ ಹೋಗಿಲ್ಲ. ಅರಿಶಿನ ಕುಂಕುಮದ ದುಡ್ಡು ಅಣ್ಣ ಕೈಗಿಡುವಾಗ ಅತ್ತಿಗೆಯ ಮುಖ ಹೇಗೆ ನೋಡಲಿ ಅಂತ. ಯಾವ ಸಮೀಕ್ಷೆ ಇದನ್ನು ಬರೆದುಕೊಳ್ಳುತ್ತೆ ಹೇಳಿ?

ಮೈಕ್ರೋ ಫೈನಾನ್ಸ್‌ನವರು ಹೆಂಗಸರ ಗುಂಪಿಗೆ ಕೊಡುವ ಸಂಘದ ಸಾಲದ ಕಥೆ ಇನ್ನೊಂದು ಥರ. ಅಲ್ಲಿ ಬ್ಯಾಂಕಿಗಿಂತ ಹೆಚ್ಚಾಗಿ ಪಕ್ಕದ ಮನೆಯವರಿಗೆ ಹೆದರಬೇಕು. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಹಾಕಬೇಕು, ಹಾಗಾಗಿ ಸಂಜೆ ಅವರೆಲ್ಲ ಬಂದು ಜಗಲಿಯ ಮೇಲೆ ಕೂರುತ್ತಾರೆ. ಬೈಯುವುದೇ ಬೇಡ, ಸುಮ್ನೆ ಕೂತರೆ ಸಾಕು, ಇಡೀ ಬೀದಿಗೆ ಗೊತ್ತಾಗುತ್ತೆ. 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನಾ ಬರುತ್ತಿತ್ತಲ್ಲ, ಆಗ ನನಗೆ ಕಂಡಿದ್ದು ಆ ಜಗಲಿಗಳು. ಆಮೇಲೆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ವಸೂಲಿಗೆ ಹಿಂಸೆ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮೈಕ್ರೋ ಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟುವಂತೆ ಅವರು ಹೊಸ ಸಾಲ ಕೊಡಬಾರದು ಅಂತಲೂ ಹೇಳಿದೆ. ಈ ಸಮಯದ ನಿಯಮ ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಒಬ್ಬರಿಗೂ ಮೊದಲೇ ಗೊತ್ತಿರಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಅಂತ ಇಂಥವರಿಗೆ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ನನ್ನ ಮುಂದೆ ಕೂತವರಲ್ಲಿ ಶೋಕಿಗೆ ಸಾಲ ಮಾಡಿದವರು ಇದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಆಸ್ಪತ್ರೆ, ಫೀಸು, ಮದುವೆ, ಕೊರೆದರೂ ನೀರು ಬಾರದ ಬೋರ್‌ವೆಲ್, ಇವೇ ಜಾಸ್ತಿ. ಜೊತೆಗೆ ನಮ್ಮ ಕೈಯೂ ಇತ್ತು. ಮಾರ್ಚ್ ತಿಂಗಳು ಟಾರ್ಗೆಟ್ ಮುಟ್ಟಲಿಲ್ಲ ಅಂದರೆ, ಸಂಬಳದ ಖಾತೆ ಇದ್ದವರಿಗೆಲ್ಲ ನಾವೇ ಫೋನು ಮಾಡಿ "ನಿಮಗೆ ಮೂರು ಲಕ್ಷ ಸ್ಯಾಂಕ್ಷನ್ ಆಗಿದೆ" ಅನ್ನುತ್ತಿದ್ದೆವು. ಅವರು ಕೇಳಿರಲೇ ಇಲ್ಲ. ಅದು ತಪ್ಪು ಅಂತ ನನಗೆ ಆಗಲೂ ಗೊತ್ತಿತ್ತು.

ಸಾಲ ಮುಚ್ಚಿಡುವುದು ಏನು ಮಾಡುತ್ತೆ ಅನ್ನುವುದನ್ನು ನಾನು ಬ್ಯಾಂಕಿನಲ್ಲಿ ಕಲಿತಿದ್ದಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ನಾಲ್ಕು ಪ್ರೋನೋಟು, ಸಾಲ ತೀರಿಸುತ್ತೇನೆ ಅಂತ ಬರೆದುಕೊಟ್ಟ ಪತ್ರಗಳು. ಎಲ್ಲದರಲ್ಲೂ ರೆವಿನ್ಯೂ ಸ್ಟಾಂಪಿನ ಮೇಲೆ ಅಪ್ಪನ ಮೇಷ್ಟ್ರ ಅಕ್ಷರದ ಸಹಿ. ಸಾಲ ತೀರಿದಾಗ ಸಹಿಯ ಜಾಗ ಹರಿದು ವಾಪಸ್ ಕೊಡುತ್ತಾರಲ್ಲ, ಹಾಗೆ ಹರಿದಿತ್ತು. 1986ರದ್ದು 4,000 ರೂಪಾಯಿ, ಬಾವಿ ಆಳ ಮಾಡಿಸಲು. 1989ರದ್ದು 5,500. 1992ರದ್ದು 8,000. 1995ರದ್ದು 11,000. ನಾಲ್ಕು ಸಾಲ ಅಲ್ಲ, ಅದೇ ಒಂದು ಸಾಲ. ಮೂರು ವರ್ಷ ಕಳೆದರೆ ಪ್ರೋನೋಟು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಅವಧಿ ಮುಗಿಯುವ ಮೊದಲು ಕರೆಸಿ, ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ, ಹೊಸದು ಬರೆಸಿಕೊಳ್ಳುತ್ತಿದ್ದರು. ಎರಡು ರೂಪಾಯಿ ಬಡ್ಡಿ. ಕೂತು ಲೆಕ್ಕ ಹಾಕಿದೆ. ಆ ಒಂಬತ್ತು ವರ್ಷದಲ್ಲಿ ಅಪ್ಪ 5,600 ರೂಪಾಯಿ ಕಟ್ಟಿದ್ದಾರೆ. 4,000ದ ಸಾಲಕ್ಕೆ ಅಷ್ಟು ಕಟ್ಟಿಯೂ 11,000 ಬಾಕಿ.

ಅಮ್ಮನಿಗೆ ಒಂದೂ ಗೊತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದಳು. 1992ರದ್ದನ್ನು ಕೈಯಲ್ಲೇ ಹಿಡಿದು ಕೂತಳು. "ಈ ವರ್ಷ ನಾನು ಮಿಕ್ಸಿ ಬೇಕು ಅಂತ ಎರಡು ತಿಂಗಳು ಮಾತು ಬಿಟ್ಟಿದ್ದೆ ಕಣೆ" ಅಂದಳು.

ಹೇಳಿದ್ದರೆ ಸಾಲ ಕಮ್ಮಿಯಾಗುತ್ತಿತ್ತಾ ಅಂತ ಕೇಳಬಹುದು. ಆಗುತ್ತಿತ್ತು ಅಂತಲೇ ನನ್ನ ನಂಬಿಕೆ. ಅಮ್ಮನ ಹತ್ತಿರ ಎರಡು ಬಳೆ ಇದ್ದವು. ಎರಡನೇ ಪ್ರೋನೋಟು ಬರೆಯುವ ಮೊದಲೇ ಬಿಚ್ಚಿಕೊಡುತ್ತಿದ್ದಳು. ಮುಚ್ಚಿಟ್ಟ ಸಾಲಕ್ಕೆ ಒಬ್ಬರದೇ ತಲೆ, ಒಬ್ಬರದೇ ಜೇಬು. ಹೊರಗೆ ಗೊತ್ತಾಗಬಾರದು ಅಂತ, ಬೇಗ ಸಿಗುವ ಕಡೆ ಹೋಗುತ್ತೇವೆ. ಬೇಗ ಸಿಗುವ ಕಡೆ ಬಡ್ಡಿ ಜಾಸ್ತಿ.

ಆ ಟೀಚರ್ ವಿಷಯದಲ್ಲೂ ಅದೇ ಆಗಿತ್ತು. ಕಾರ್ಡಿನ ಬಡ್ಡಿ ಗೊತ್ತಾ ಅಂದೆ. "ಮೂರೂವರೆ ಪರ್ಸೆಂಟು, ಕಮ್ಮಿನೇ ಅಲ್ವಾ" ಅಂದರು. ಅದು ತಿಂಗಳಿಗೆ. ನಮ್ಮ ಊರಿನ ಭಾಷೆಯಲ್ಲಿ ಹೇಳಿದರೆ ಮೂರೂವರೆ ರೂಪಾಯಿ ಬಡ್ಡಿ, ವರ್ಷಕ್ಕೆ ನೂರಕ್ಕೆ 42. ಅಪ್ಪನಿಗೆ ಸಾಲ ಕೊಟ್ಟ ಸಾಹುಕಾರರದ್ದು 24 ಇತ್ತು. 62 ಸಾವಿರಕ್ಕೆ ತಿಂಗಳಿಗೆ 2,170 ಬರೀ ಬಡ್ಡಿ, ಅದರ ಮೇಲೆ ಜಿಎಸ್‌ಟಿ ಸುಮಾರು 390. ಅವರು ಕನಿಷ್ಠ ಮೊತ್ತ ಅಂತ 3,100 ಕಟ್ಟುತ್ತಿದ್ದರು. ಅಸಲಿಗೆ ಹೋಗುತ್ತಿದ್ದಿದ್ದು 540 ರೂಪಾಯಿ. ಹಾಳೆಯ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ಆ 540ನ್ನೇ ನೋಡುತ್ತಿದ್ದರು.

ಬಂದವರಿಗೆಲ್ಲ ಆ ಐದು ಕಾಲಮಿನ ಹಾಳೆ ಕೊಡುತ್ತೇನೆ. ಜಾಸ್ತಿ ಏನೂ ಹೇಳುವುದಿಲ್ಲ. ಹೊಸ ಸಾಲದಿಂದ ಹಳೆಯದು ಕಟ್ಟುವುದಾದರೆ, ಹೊಸದರ ಬಡ್ಡಿ ನಿಜವಾಗಿ ಕಮ್ಮಿ ಇದ್ದರೆ ಮಾತ್ರ. "ಫ್ಲಾಟ್" ಅಂದರೆ ಹುಷಾರು, ಅಸಲು ತೀರುತ್ತಾ ಬಂದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುತ್ತಾರೆ. ಮೂರು ವರ್ಷಕ್ಕೆ 12 ಪರ್ಸೆಂಟ್ ಫ್ಲಾಟ್ ಅನ್ನುವುದು ನಿಜದಲ್ಲಿ 21ರ ಹತ್ತಿರ ಬರುತ್ತೆ. ಕಂತು ಕಟ್ಟಲು ಆಗದ ತಿಂಗಳು ಬರುತ್ತೆ ಅನ್ನಿಸಿದರೆ, ತಪ್ಪುವ ಮೊದಲೇ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ. ಮೊದಲೇ ಬಂದವರಿಗೆ ಅವಧಿ ಹೆಚ್ಚಿಸಿ ಕಂತು ಇಳಿಸುವುದು ಸುಲಭ, ಮೂರು ಕಂತು ಬಿಟ್ಟು ಬಂದವರಿಗೆ ಕಷ್ಟ. ಇನ್ನು ರಾತ್ರಿ ನಿದ್ದೆ ಬಾರದೆ ಬೇರೆ ಯೋಚನೆಗಳು ಬರುತ್ತಿದ್ದರೆ, ದಯವಿಟ್ಟು 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಲಕ್ಕೆ ಹೆದರಿ ಜೀವ ಕಳೆದುಕೊಂಡ ಒಬ್ಬ ಗ್ರಾಹಕರ ಮನೆಗೆ ನಾನು ಹೋಗಿದ್ದೆ. ಬಾಕಿ ಇದ್ದಿದ್ದು 38 ಸಾವಿರ.

ಟೀಚರ್ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು ಹೋದರು. ಐದನೇ ಕಾಲಂ ಆಗಲೂ ಖಾಲಿಯೇ ಇತ್ತು. ಮೂರು ವಾರ ಸುದ್ದಿಯಿಲ್ಲ. ಹೋದ ಭಾನುವಾರ ಫೋನು ಬಂತು. ಸಂಕ್ರಾಂತಿಗೆ ಕಟ್ಟಿದ್ದ ಚೀಟಿ ದುಡ್ಡು 30 ಸಾವಿರ ಕೈಗೆ ಬಂದಿದೆಯಂತೆ, ಸರ ಬಿಡಿಸಲು ಹಾಕೋದಾ, ಕಾರ್ಡಿಗೆ ಕಟ್ಟೋದಾ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಒಂದು ಗಂಡಸಿನ ದನಿ ಕೇಳಿಸಿತು. "ಮೂರೂವರೆ ರೂಪಾಯಿದು ಮೊದಲು ಕಟ್ಟೋಣ. ಸರ ಆಮೇಲೆ ಬಿಡಿಸಿದರಾಯ್ತು."